ಹನ್ನೊಂದನೇ ನಂಬರಿನ ಮೊಲ

ಸೊಲ್ಲಾಪುರದ ಡೆಂಟಲ್ ಕಾಲೇಜಿನ ಹಿತ್ತಲದಾಗ
ತಗಡಿನ ಮನಿ, ಇಪ್ಪತ್ತು ಪಂಜರ, ಹದಿನೆಂಟು ಮೊಲ.
ನಸುಕಿನ್ಯಾಗ ಕುದುರಿಮೆಂತೆ ಹಾಕಾಂವ ನಾ, ಸಾತಲಿಂಗ.
ಅದಕ್ಕೂ ಮೊದಲ ಇಪ್ಪತ್ತಾರು ವರ್ಷ
ಅಕ್ಕಲಕೋಟ ರೋಡಿನ ಕಾರಖಾನ್ಯಾಗ ಚಾದರ ನೇಯ್ದಾಂವ.

ಲಾಳಿ ಕಣ್ಣಾಗ ಎಳಿ ಪೋಣಸಾಕ ತುಟಿ ಹಚ್ಚಿ
ಉಸರ ಒಳಗ ಜಗ್ಗಿದ್ರ ನೂಲು ಬಾಯಿಗೆ ಬರತಿತ್ತು,
ಬಣ್ಣದ ರುಚಿ ಸಮೇತ.
ತುದಿ ಕಡ್ಯಾಕ ಕತ್ತರಿ ಯಾಕ, ಹಲ್ಲಿದ್ದೂವು.
ಮುಂದಿನ ಹಲ್ಲಿನ್ಯಾಗ ಒಂದು ಕಚ್ಚು ಬಿತ್ತು,
ಆಮ್ಯಾಲ ಹಲ್ಲ ಬಿತ್ತು,
ಆಮ್ಯಾಲ ಮಗ್ಗನ ಗುಜರಿಗೆ ಹೋತು.

ಶಾಹೀನ ಬಾಗವಾನ ಡಾಕ್ಟರದು ಅಜ್ಜಿ ಕಡಿಂದ ಬಂದ ಇಂಡಿ ಕನ್ನಡ.
ಬಾಯಾಗ ಬ್ಯಾಟರಿ ಬಿಟ್ಟು ನೋಡಿ ಅಂದ್ರು:
ಕಾಕಾ, ತಿರುಪು ಕೂಡಸಾಕ ಎಲುಬ ಉಳದಿಲ್ಲ.
ಹಲ್ಲಿಲ್ಲಂದ್ರ ದವಡಿಗೆ ಕೆಲಸಿಲ್ಲ,
ಕೆಲಸಿಲ್ಲದ್ದು ಕರಗತೈತಿ.

ಇದನ್ನ ನನಗ ಹೇಳೂದ ಬ್ಯಾಡಾಗಿತ್ತು.

ಹನ್ನೊಂದನೇದರ ಎರಡೂ ಹಿಂಗಾಲಿನ ಎಲುಬಿನ್ಯಾಗ
ಒಂದೊಂದು ಟೈಟಾನಿಯಂ ತಿರುಪು, ಶೇಂಗಾ ಬೀಜದಷ್ಟು.
ಎಡಕ್ಕ ಬರೇ ತಿರುಪು.
ಬಲಕ್ಕ ತಿರುಪಿನ ಕೂಡ ಒಂದು ಚೀಟಿ.
ಚೀಟಿ ಅಂದ್ರ ಜೀನು,
ಅದನ್ನ ಹೊತ್ತಾಂವ ನೆಗಡಿಯ ವೈರಸ್,
ಹಲ್ಲು ಕಿತ್ತ ಹಾವಿನಂಗ ವಿಷ ತಗದದ್ದು.
ಜೀವಕೋಶದ ಕದ ಬಡದು ಒಳಗ ಹೋಗಿ ಚೀಟಿ ಕೊಡತೈತಿ:
ಏಳು, ಎಲುಬ ಕಟ್ಟು.
ಓದಾಕ ಬರತೈತೇನ್ರಿ ಅದಕ್ಕ, ಅಂದ್ಯಾ.
ಹುಟ್ಟಿದಾಗಿಂದ ಅದ ಓದಕೊಂತ ಬಂದೈತಿ, ಅಂದ್ರು.

ಎರಡನೇ ವಾರಕ್ಕ ಹಸರ ಬಣ್ಣದ ಸೂಜಿ,
ನಾಕನೇ ವಾರಕ್ಕ ಕೆಂಪು, ಆರಕ್ಕ ಮತ್ತ ಹಸರು.
ಎಂಟಕ್ಕ ಏನಂತ ನನಗ ಗೊತ್ತಿತ್ತು.
ಕಾಗದದಾಗ ಅದಕ್ಕೊಂದು ಮೆತ್ತನ್ನ ಶಬ್ದ ಐತಿ.
ಹಿಂದಿನ ರಾತ್ರಿ ಗಜ್ಜರಿ ತಪ್ಪಲ ಹಾಕಿದ್ಯಾ, ಬಳಗಟ್ಟಲೆ ತಿಂತು.
ಮುಂಜಾನೆ ಹಿಡಕೊಂಡಾಂವನೂ ನಾನ.
ನನ್ನ ಕೈಯಾಗಾದ್ರ ಅದು ಒದ್ಯಾಡತಿರಲಿಲ್ಲ.

ಕತ್ತಲ ಖೋಲ್ಯಾಗ ದುರ್ಬೀನಿಗೆ ಕಣ್ಣ ಹಚ್ಚಂದ್ರು.
ಕೂದಲಕ್ಕಿಂತ ತೆಳ್ಳಗ ಕೊರದ ಎಲುಬು,
ಬಣ್ಣ ಉರೀತಿದ್ದೂವು.
ಎಡದಾಗ ಹಸರ ಅಲ್ಲೊಂದು ತುಣುಕು ಇಲ್ಲೊಂದು ತುಣುಕು,
ತಿರುಪಿನ ಪಕ್ಕ ಬರೇ ಕತ್ತಲಿ,
ಹೊಸಾ ಹುಡುಗ ಕಲಿಯೂವಾಗ ನೇಯ್ದದ್ದು.
ಬಲದಾಗ,
ಯಪ್ಪಾ,
ಹಸರು ಕೆಂಪು ಹಸರು, ದಡಿ ಹಿಡದು
ತಿರುಪಿನ ಸುತ್ತಿನ ಸಂದ್ಯಾಗೂ ಹೊಕ್ಕು ಬಿಗದಿತ್ತು.
ನಮ್ಮ ಚಾದರದ ಅಂಚು.
ಒಂದ್ ಕಡೆ ಮಾತ್ರ ಕೆಂಪು ಸಣಕಲಾಗಿತ್ತು.
ಇಲ್ಲೊಂದು ಎಳಿ ತಪ್ಪೈತ್ರಿ, ಅಂದ್ಯಾ.
ಡಾಕ್ಟರ ನೋಡಿದ್ರು, ಅಳದ್ರು, ಬರಕೊಂಡ್ರು.
ನಾಕನೇ ವಾರ ಮೂರು ದಿನ ಅದು ಮೇವ ಮುಟ್ಟಿರಲಿಲ್ಲ,
ಹೊರಗ ಬ್ಯಾಂಡ ಬಾರಿಸಿ ವರಾತ ಹೊಂಟಿತ್ತು.
ಅದು ಯಾವ ವಹಿಯಾಗೂ ಇಲ್ಲ.

ನನಗ ಯಾವಾಗ್ರಿ?
ಮನಷ್ಯಾರಿಗೆ ಇನ್ನ ದೂರ ಐತಿ ಕಾಕಾ.
ಚೀಟಿ ಬ್ಯಾರೆ ಮನಿಗೆ ಹೋಗಬಾರದು,
ಸಾಕಂದ ಕೂಡಲೇ ಎಲುಬ ನಿಲ್ಲಬೇಕು.
ಖರೆ ಐತಿ. ನಿಲ್ಲಸಾಕ ಬರದ ಮಗ್ಗ ಯಾರಿಗೆ ಬೇಕು.

ಮನ್ಯಾಗ ಗುರುಬಸವ್ವ ಖಡಕ ರೊಟ್ಟಿ ಮುರದು
ಬ್ಯಾಳಿ ಸಾರಿನ್ಯಾಗ ನೆನಿಯಾಕ ಇಟ್ಟಿದ್ಲು.
ಏನ್ ನೋಡಿದಿ ಇವತ್ತ, ಅಂದ್ಲು.
ನಾಲಿಗಿ ಹಲ್ಲಿನ ಖಾಲಿ ಜಾಗದಾಗ ಹೋಗಿ ಕುಂತಿತ್ತು.
ನೇಯ್ಗಿ, ಅಂದ್ಯಾ.
ಆಕಿ ನಕ್ಕಳು.

ಸೋಮವಾರ ಹೊಸಾ ಆರು ಮೊಲ ಬಂದೂವು.
ಹನ್ನೊಂದನೇ ಪಂಜರ ತೊಳದು ಬಿಸಲಿಗೆ ಇಟ್ಟಿದ್ಯಾ,
ಅದ ನಂಬರ, ಅದ ತಗಡಿನ ಬಿಲ್ಲೆ.
ಒಂದನ್ನ ಎತ್ತಿ ಒಳಗ ಬಿಡೂವಾಗ
ನನ್ನ ಅಂಗಿ ಗುಂಡಿಂದ ಜೋತ ಬಿದ್ದ ನೂಲು ಹಿಡದು
ಕಟಕ್ಕಂತ ಕಡೀತು,
ಒಂದ ಏಟಿಗೆ.